ಹುಬ್ಬಿನ ಗಂಟು

ಹಣೆಯಲ್ಲಿ ಬರೆದದ್ದನ್ನು ಅಳಿಸಲಾಗದೆಂದು ನಮ್ಮವರು ನಂಬಿಕೊಂಡು ಬಂದದ್ದು ಬ್ರಹ್ಮನ ಬರಹದ ವಿಷಯವಾಗಿ. ವಯಸ್ಸು ಬರೆಯುವ ಗೆರೆಗಳ ಮಾತು ಬೇರೆ. ಅವನ್ನು ಶಸ್ತ್ರವೈದ್ಯರು ಈಗ ತಿದ್ದುತ್ತಾರೆ. ಜೋತುಬಿದ್ದ ಹುಬ್ಬನ್ನು ಮೇಲಕ್ಕೆತ್ತಿ ನಿಲ್ಲಿಸುತ್ತಾರೆ. ಮುಪ್ಪನ್ನು ಹೀಗೆ ಮರೆಮಾಡುವುದು ಸುಳ್ಳಲ್ಲವೆ ಎಂದು ಕೇಳುವವರುಂಟು. ಕೇಳುವವರಲ್ಲಿ ತಲೆಗೆ ಬಣ್ಣ ಹಚ್ಚಿಕೊಂಡವರೂ ಹಲ್ಲು ಕಟ್ಟಿಸಿಕೊಂಡವರೂ ಇರುತ್ತಾರೆ, ಅದಿರಲಿ.

ಹಣೆಗೆ ಚಾಕು ತಾಗುವುದು ನಮ್ಮ ನೆಲಕ್ಕೆ ಹೊಸದಲ್ಲ. 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಒಂದು ವೃತ್ತಾಂತವನ್ನು ಅಚ್ಚುಹಾಕಿತು. ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಗೆ ಸೆರೆಸಿಕ್ಕಿ ಮೂಗು ಕೊಯ್ಯಿಸಿಕೊಂಡಿದ್ದ. ಪುಣೆಯ ಬಳಿ ಕುಶಲಿಯೊಬ್ಬ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದ. ಆ ಮೂಗನ್ನು ಸುಳ್ಳೆನ್ನುವ ಧೈರ್ಯ ಯಾರಿಗಿದೆ? ಶತ್ರು ಕಿತ್ತುಕೊಂಡದ್ದನ್ನು ಮರಳಿ ಪಡೆಯುವುದು ನ್ಯಾಯವಾದರೆ, ಕಾಲ ಕಿತ್ತುಕೊಂಡದ್ದನ್ನು ಪಡೆಯುವುದು ಮಾತ್ರ ಏಕೆ ಅನ್ಯಾಯ?

ನನಗೆ ಪರಿಚಿತರಾದ ಹೆಣ್ಣುಮಗಳೊಬ್ಬರಿದ್ದಾರೆ, ಐವತ್ತು ದಾಟಿದವರು. “ಏನಮ್ಮಾ, ಸಿಟ್ಟೆ?” ಎಂದು ದಿನಕ್ಕೊಬ್ಬರಾದರೂ ಅವರನ್ನು ಕೇಳುತ್ತಾರಂತೆ. ಇಲ್ಲ, ಇಲ್ಲ ಎಂದು ಹೇಳಿ ಹೇಳಿ ಕೊನೆಗೆ ನಿಜವಾಗಿಯೂ ಸಿಟ್ಟು ಬರುತ್ತದಂತೆ. ಮನಸ್ಸು ತಿಳಿಯಾಗಿದೆ, ಹುಬ್ಬು ಬೇರೆಯೇ ಹೇಳುತ್ತಿದೆ. ಇಂಥ ಹುಬ್ಬನ್ನು ಎತ್ತಿಸಿಕೊಂಡರೆ ಸುಳ್ಳು ಹುಟ್ಟುವುದಿಲ್ಲ. ಇದ್ದ ಸುಳ್ಳೊಂದು ಹೋಗುತ್ತದೆ ಎಂದೇ ನನ್ನ ಎಣಿಕೆ.

ಆದರೆ ಹೋಗುವವರು ಏನನ್ನು ನಿರೀಕ್ಷಿಸಬೇಕು? ಹುಬ್ಬನ್ನು ಮೇಲಕ್ಕೆತ್ತಲು ಹಣೆಯ ಸ್ನಾಯು ಒಂದೇ, ಕೆಳಕ್ಕೆಳೆಯಲು ಹಲವು. (ಲೋಕದ ವ್ಯವಹಾರವೂ ಹೀಗೆಯೇ.) ಹಿಂದೆ ಕಿವಿಯಿಂದ ಕಿವಿಗೆ ನೆತ್ತಿಯ ಮೇಲೆ ಕೊಯ್ಯುತ್ತಿದ್ದರು, ಈಗಲೂ ಕೆಲವರಿಗೆ ಅದೇ ಬೇಕಾಗುತ್ತದೆ. 1990ರ ದಶಕದಿಂದ, ಕೂದಲ ಮರೆಯಲ್ಲಿ ಮೂರೋ ಐದೋ ಸಣ್ಣ ಸೀಳು ಮಾಡಿ ಎಂಡೋಸ್ಕೋಪ್ ತೂರಿಸುವ ಕ್ರಮ ಬಂದಿದೆ. ಮೊದಲ ವಾರ ಬಾವು ಕಣ್ಣಿನವರೆಗೆ ಇಳಿದು ಸುತ್ತಲೂ ನೀಲಿಗಟ್ಟುತ್ತದೆ. ತಲೆ ಎತ್ತರಿಸಿಕೊಂಡು ಮಲಗಬೇಕು. ನೆತ್ತಿ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಜೋಮು ಹಿಡಿದಂತಿದ್ದು, ಸ್ಪರ್ಶ ಮರಳುವಾಗ ತುರಿಸುತ್ತದೆ. ಗಾಯದ ಬಳಿ ಕೂದಲು ಉದುರಬಹುದು. ಎರಡು ಹುಬ್ಬೂ ಒಂದೇ ಸಮ ನಿಲ್ಲದೆ ಹೋಗಬಹುದು. ಅಪರೂಪಕ್ಕೆ ನರಕ್ಕೆ ಪೆಟ್ಟಾಗಿ ಒಂದು ಹುಬ್ಬು ಏಳದೆಯೂ ಹೋಗಬಹುದು. ಅತಿಯಾಗಿ ಎತ್ತಿದರೆ ಸದಾ ಬೆರಗಾದ ಮುಖ! ಇಷ್ಟಾದ ಮೇಲೂ ವಯಸ್ಸು ತನ್ನ ಕೆಲಸ ನಿಲ್ಲಿಸುವುದಿಲ್ಲ.

ನನ್ನನ್ನು ಕಾಡುವ ಸಂಗತಿ ಬೇರೊಂದಿದೆ. ಹುಬ್ಬೆತ್ತುವಾಗ, ಅದನ್ನು ಗಂಟಿಕ್ಕಿಸುವ ಕಾರುಗೇಟರ್ ಸ್ನಾಯುವನ್ನೂ ಅನೇಕ ವೇಳೆ ಕತ್ತರಿಸುವುದೋ ಸಡಿಲಿಸುವುದೋ ಉಂಟು. ನಾಟ್ಯಶಾಸ್ತ್ರ ಹುಬ್ಬಿಗೆ ಹೇಳಿರುವ ಏಳು ಚಲನೆಗಳಲ್ಲಿ ‘ಭ್ರುಕುಟಿ’ ಒಂದು. ಡಾರ್ವಿನ್ 1872ರ ತನ್ನ ಗ್ರಂಥದಲ್ಲಿ ಹುಬ್ಬುಗಂಟನ್ನು ಕೋಪಕ್ಕೆ ಮಾತ್ರ ಮೀಸಲಿಡಲಿಲ್ಲ. ಯೋಚನೆಯಲ್ಲೋ ಕೆಲಸದಲ್ಲೋ ತೊಡಕು ಎದುರಾದಾಗ ಅದು ಮೂಡುತ್ತದೆಂದ. ತರಗತಿಯಲ್ಲಿ ಎಳೆಯ ಹಣೆಯೊಂದು ಗಂಟಿಕ್ಕಿದರೆ ನಾನು ಅದೇ ಪದ್ಯವನ್ನು ಇನ್ನೊಮ್ಮೆ ವಿವರಿಸುತ್ತೇನೆ. ಅನ್ಯಾಯದ ಮಾತಾಡಿದವನಿಗೆ ಎದುರಿನವರ ಗಂಟು ಹುಬ್ಬೇ ಮೊದಲ ತಡೆ. ಮುಖ ನಮ್ಮದು, ಓದುವವರು ಇತರರು. ಇಲ್ಲದ ಕೋಪವನ್ನು ತೋರುವ ಹುಬ್ಬನ್ನು ತಿದ್ದಿಸಲು ನಮಗೆ ಹಕ್ಕಿದೆ. ಇದ್ದ ಕೋಪವೂ ಕಾಣದಂತೆ ಮಾಡಿಕೊಂಡರೆ, ಎದುರಿನವರಿಗೆ ಸಲ್ಲಬೇಕಾದ ಎಚ್ಚರಿಕೆಯನ್ನು ನಾವು ಸಲ್ಲಿಸಲಿಲ್ಲವೆಂದೇ ಅರ್ಥ.

ಸಂದೇಹವಿರುವವರಿಗೆ ಒಂದು ದಾರಿ ಉಂಟು. ಅಮೆರಿಕದಲ್ಲಿ 2002ರಲ್ಲಿ ಹುಬ್ಬುಗಂಟಿನ ಗೆರೆಗಳಿಗೆಂದು ಒಪ್ಪಿಗೆ ಪಡೆದ ಬಾಟ್ಯುಲಿನಮ್ ಚುಚ್ಚುಮದ್ದಿನ ಪ್ರಭಾವ ಮೂರು ನಾಲ್ಕು ತಿಂಗಳು ಮಾತ್ರ. ವೈದ್ಯರು ಒಪ್ಪಿದರೆ, ಅಷ್ಟು ಕಾಲ ಗಂಟಿಲ್ಲದ ಹುಬ್ಬಿನಿಂದ ಮಕ್ಕಳನ್ನೂ ಮೇಲಧಿಕಾರಿಯನ್ನೂ ಎದುರಿಸಿ ನೋಡಬಹುದು.