ಎರಡನೆಯ ಸಹಿ

ತನ್ನ ವಾಹನವನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಹಕ್ಕು ಒಬ್ಬನಿಗೆ ಎಷ್ಟರ ಮಟ್ಟಿಗೆ ಇದೆ? ಹಾರ್ನು, ಬಲ್ಬುಗಳ ಮಟ್ಟಿಗೆ ಈ ಪ್ರಶ್ನೆಯೇ ಹುಟ್ಟದು. ಬ್ರೇಕಿನ ಹೋಸಿಗೆ ಬಂದಾಗ ಹುಟ್ಟುತ್ತದೆ.

ಚಕ್ರ ತಿರುಗಿದಂತೆ, ಕುಲುಕಿದಂತೆ ಬಾಗಬೇಕಾದುದರಿಂದ ಅಲ್ಲಿ ಲೋಹದ ಕೊಳವೆಯ ಬದಲು ರಬ್ಬರು ಇರುತ್ತದೆ. ಹೊರಗೆ ಬಿರುಕು ಕಂಡರೆ ಪುಣ್ಯ. ಕೆಲವೊಮ್ಮೆ ಹೊರಮೈ ನುಣುಪಾಗಿದ್ದು ಒಳಗೋಡೆ ಊದಿಕೊಂಡಿರುತ್ತದೆ. ಪೆಡಲಿನಿಂದ ಕಾಲು ತೆಗೆದರೂ ಆ ಚಕ್ರವನ್ನು ಬ್ರೇಕು ಬಿಡುವುದಿಲ್ಲ. ಬದಲಿಸುವ ಕೆಲಸವೂ ಅಂಥದೇ. ಕಾರನ್ನು ಬರಿಯ ಜ್ಯಾಕಿನ ಮೇಲೆ ನಂಬದೆ ಸ್ಟ್ಯಾಂಡಿನ ಮೇಲೆ ಕೂರಿಸಿದ್ದು, ತಾಮ್ರದ ವಾಷರನ್ನು ಹೊಸತು ಹಾಕಿದ್ದು, ಹೋಸು ತಿರುಚದಂತೆ ಬಿಗಿದದ್ದು, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಹೋಸು ಟಯರಿಗೆ ಉಜ್ಜದೆಂದು ನೋಡಿದ್ದು, ಸೀಲು ಒಡೆಯದ ಡಬ್ಬಿಯ ಬ್ರೇಕ್ ಆಯಿಲ್ ಹಾಕಿ ಗಾಳಿಯನ್ನು ಪೂರ್ತಿ ತೆಗೆದದ್ದು – ಚಕ್ರ ಹಾಕಿದ ಮೇಲೆ ಇದರಲ್ಲಿ ಹೆಚ್ಚಿನದು ಯಾರ ಕಣ್ಣಿಗೂ ಬೀಳದು. (ಅದಕ್ಕೆ ಆಯಿಲ್ ಎಂಬುದು ಬರಿಯ ಹೆಸರು. ನಿಜವಾದ ಎಂಜಿನ್ ಆಯಿಲ್ ಹಾಕಿದರೆ ಬ್ರೇಕಿನ ರಬ್ಬರುಗಳೇ ಊದಿ ಕೆಡುತ್ತವೆ.)

ನಮ್ಮ ನೆರೆಯ ನಿವೃತ್ತ ಮಾಷ್ಟ್ರೊಬ್ಬರು ತಮ್ಮ ಹಳೆಯ ಮಾರುತಿ 800ರ ಮುಂದಿನ ಎರಡೂ ಹೋಸುಗಳನ್ನು ಅಂಗಳದಲ್ಲೇ ಬದಲಿಸಿದರು. "ನನ್ನ ಕಾರು, ನನ್ನ ಜೀವ, ನಿಮಗೇನು ಚಿಂತೆ?" ಎಂದರು. ಚೆರ್ಕಳ–ಜಾಲ್ಸೂರು ರಸ್ತೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಅಪಾಯ ಮಾಷ್ಟ್ರಿಗೆ ಮಾತ್ರವೇ? ಬಸ್ಸಿಗೆ ಕಾದು ನಿಂತ ಶಾಲಾಮಕ್ಕಳ ಒಪ್ಪಿಗೆಯನ್ನು ಯಾರು ಕೇಳಿದ್ದಾರೆ? ಬಹಳ ಚರ್ಚೆಯಾದ ಮೇಲೆ ಪರಿಚಯದ ಮೆಕ್ಯಾನಿಕನೊಬ್ಬನನ್ನು ಕರೆಸಿದರು. ಮಾಷ್ಟ್ರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿದ್ದಂತೆ ಅವನು ಪ್ರತಿಯೊಂದು ಜೋಡಣೆಯನ್ನೂ ಒಣಬಟ್ಟೆಯಿಂದ ಒರೆಸಿದ. ಎಡಗಡೆ ಬಟ್ಟೆ ಒದ್ದೆಯಾಯಿತು. ಬಿಚ್ಚಿ ನೋಡಿದರೆ ವಾಷರಿನ ಅಡಿಯಲ್ಲಿ ಒಂದು ಮರಳಿನ ಕಣ.

ನಾನು ಬ್ಯಾಂಕಿನ ಗುಮಾಸ್ತ. ನಾನು ಬರೆದ ವೋಚರಿಗೆ ಇನ್ನೊಬ್ಬರ ಸಹಿ ಬೇಕು. ಈಗ ಸಹಿಯ ಜಾಗಕ್ಕೆ ಕಂಪ್ಯೂಟರು ಬಂದಿದೆ; ಕ್ರಮ ಅದೇ. ಹೊಸಬರಿಗೆ ಇದು ತಮ್ಮ ಮೇಲಿನ ಸಂಶಯವೆಂದು ಬೇಸರವಾಗುವುದುಂಟು. ಸಂಶಯವಲ್ಲ, ಹಣ ಪರರದು ಎಂಬ ನೆನಪು ಅಷ್ಟೆ. ಕೂಡಿಸಿದವನೇ ಮತ್ತೆ ಕೂಡಿಸಿದರೆ ಅದೇ ತಪ್ಪು ಮೊತ್ತ ಬರುವುದನ್ನು ಕೌಂಟರಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಕಾರು ಮಾಷ್ಟ್ರದಾದರೂ ಅದರ ಬ್ರೇಕಿನಲ್ಲಿ ದಾರಿಹೋಕರ ಠೇವಣಿ ಇದೆ.

"ಹಾಗಾದರೆ ಗ್ಯಾರೇಜಿಗೆ ಕೊಟ್ಟರೆ ಹೊಣೆ ಕಳೆಯಿತೋ?" ಎಂದು ಮಾಷ್ಟ್ರು ಕೇಳಿದ್ದರು. ಆ ಪ್ರಶ್ನೆ ನ್ಯಾಯವಾದದ್ದೇ. ಅವಸರದಲ್ಲಿರುವ ಪಳಗಿದ ಕೈಗಿಂತ ಪುಸ್ತಕ ಓದಿ ನಿಧಾನವಾಗಿ ಮಾಡುವ ಕೈ ಮೇಲಾಗಿರಬಹುದು. ಬಿಲ್ಲನ್ನು ಎರಡನೆಯ ಸಹಿಯೆಂದು ತಿಳಿಯುವುದು ಸೋಮಾರಿತನ. ಗ್ಯಾರೇಜಿನಿಂದ ಬಂದ ಕಾರಿನ ಅಡಿಯನ್ನೂ ಮಾಲಿಕ ಬಗ್ಗಿ ನೋಡಬೇಕು, ಪೆಡಲು ಮೆತ್ತಗಾಗಿದೆಯೇ ಎಂದು ಒತ್ತಿ ತಿಳಿಯಬೇಕು. ಯಾರು ರಿಪೇರಿ ಮಾಡಿದರೂ ಮೊದಲ ಓಟ ಸಮತಟ್ಟಾದ ಅಂಗಳದೊಳಗೆ, ನಡಿಗೆಯ ವೇಗದಲ್ಲಿ ಸಾಕು. ಗೇಟಿನಾಚೆ ರಸ್ತೆ ಇಳಿಜಾರು.