ತೊಗರಿಯ ಹೊಲವೂ ನಂಬಿಕೆಯ ಬೆಳವಣಿಗೆಯೂ

(ಯಾಕೋಬನ ಪತ್ರಿಕೆ 5ನೆಯ ಅಧ್ಯಾಯ, 7ನೆಯ ವಚನವನ್ನು ಓದಿರಿ.)



ಯಾಕೋಬನು ಸಭೆಯವರಿಗೆ ತಾಳ್ಮೆಯನ್ನು ಕಲಿಸುವಾಗ ಅರಸರನ್ನಾಗಲಿ ಪಂಡಿತರನ್ನಾಗಲಿ ತೋರಿಸಲಿಲ್ಲ. ಮಳೆಗಾಗಿ ಕಾದಿರುವ ರೈತನನ್ನು ತೋರಿಸಿದನು. ಅವನ ದೇಶದಲ್ಲಿ ಬಿತ್ತನೆಯ ಕಾಲಕ್ಕೆ ಒಂದು ಮಳೆಯೂ ತೆನೆ ಬಲಿಯುವ ಕಾಲಕ್ಕೆ ಇನ್ನೊಂದು ಮಳೆಯೂ ಬೇಕಾಗಿದ್ದವು. ನಡುವೆ ಕಾಯದೆ ಗತಿಯಿರಲಿಲ್ಲ. ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯವರಾದ ನಾವು ಈ ಪಾಠವನ್ನು ಕಲಿಯುವದಕ್ಕೆ ದೂರ ಹೋಗಬೇಕಾದದ್ದಿಲ್ಲ. ಕಾಗಿಣಾ ಹೊಳೆಯ ಆಚೀಚೆಯ ಕರೀ ನೆಲದಲ್ಲಿ ತೊಗರಿಯು ಪ್ರತಿ ವರುಷವೂ ಇದನ್ನೇ ಸಾರುತ್ತದೆ.

ಮುಂಗಾರು ಹದವಾಗಿ ಬಿದ್ದ ಮೇಲೆ ನಮ್ಮವರು ಒಂದೇ ಹೊಲದಲ್ಲಿ ಹೆಸರನ್ನೂ ತೊಗರಿಯನ್ನೂ ಸಾಲುಸಾಲಾಗಿ ಬಿತ್ತುತ್ತಾರೆ. ಹೆಸರು ಸುಮಾರು 70 ದಿನಗಳಲ್ಲಿ ಬಲಿತು ಮನೆ ಸೇರುವದು. ಅದೇ ಮಳೆಯನ್ನು ಕುಡಿದ ತೊಗರಿಯಲ್ಲಿ ಆಗ ಒಂದು ಹೂವೂ ಕಾಣದು. ಅದಕ್ಕಾಗಿ ರೈತನು ತೊಗರಿಯನ್ನು ಕಿತ್ತು ಬಿಸಾಡುವನೋ? ಇಲ್ಲ, ಅದರ ಗುಣವನ್ನು ಅವನು ಬಲ್ಲನು. ಅದು ಮೊದಲು ಬೇರನ್ನು ಆಳಕ್ಕೆ ಇಳಿಸುವದು. ಕಣ್ಣಿಗೆ ಕಾಣುವ ಬೆಳವಣಿಗೆಯು ತಡವಾಗಿ ಬರುವದು. ಐದಾರು ತಿಂಗಳು ಕಳೆದ ಮೇಲೆಯೇ ರಾಶಿಯಾಗುವದು.

ಪ್ರಾರ್ಥನೆಯೂ ಹಾಗೆಯೇ. ಒಬ್ಬ ತಾಯಿಯು ಮಗುವಿನ ಜ್ವರ ಇಳಿಯಲೆಂದು ಬೇಡಿದಳು. ಮೂರನೆಯ ದಿನ ಮಗುವು ಎದ್ದು ಆಡಿತು. ಅವಳ ಮಗ್ಗುಲಲ್ಲಿ ಕೂಡ್ರುವ ಇನ್ನೊಬ್ಬಳು ಕುಡುಕನಾದ ಗಂಡನಿಗೋಸ್ಕರ ಹತ್ತು ವರುಷದಿಂದ ಬೇಡುತ್ತಿರುವಳು. ಇನ್ನೂ ಹೂವು ಕಾಣದು. ಎರಡನೆಯವಳ ನಂಬಿಕೆ ಕಡಿಮೆಯೆಂದು ಹೇಳಬಲ್ಲವರು ಯಾರು? ಒಬ್ಬಳಿಗೆ ದೇವರು ಹೆಸರಿನ ಬೆಳೆಯನ್ನೂ ಇನ್ನೊಬ್ಬಳಿಗೆ ತೊಗರಿಯ ಬೆಳೆಯನ್ನೂ ಒಪ್ಪಿಸಿರುವನು. ಅಂತರಂಗದಲ್ಲಿ ನೋಡುವ ತಂದೆಯು ಮಣ್ಣಿನೊಳಗೆ ಇಳಿಯುವ ಬೇರನ್ನು ನೋಡುತ್ತಾನೆ.

ಆದರೆ ಕಾದರೂ ಫಲವು ಬಾರದೆ ಹೋದರೆ ಏನು ಹೇಳೋಣ? 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ಅನೇಕ ಹೊಲಗಳಲ್ಲಿ ತೊಗರಿಯು ನೆಟೆ ರೋಗದಿಂದ ನಿಂತಲ್ಲಿಯೇ ಒಣಗಿತು. ಇಂಥ ರೋಗವು ಪ್ರಾರ್ಥಿಸುವವನ ಹೊಲವೆಂದು ಬಿಡದು, ಪ್ರಾರ್ಥಿಸದವನ ಹೊಲವೆಂದು ಹುಡುಕಿ ಬಾರದು. ನಷ್ಟಪಟ್ಟ ನೆರೆಯವನನ್ನು ಕುರಿತು, ಇದು ಅವನ ಪಾಪದ ಫಲವೆಂದು ಆಡುವ ನಾಲಿಗೆಯು ಯೋಬನ ಸ್ನೇಹಿತರ ನಾಲಿಗೆಯೇ. ದೇವರು ಅವರ ಮಾತನ್ನು ಮೆಚ್ಚಲಿಲ್ಲ. ಆ ರೋಗವು ಮಣ್ಣಿನಲ್ಲಿ ವರುಷಗಟ್ಟಲೆ ಅಡಗಿರುವ ಶಿಲೀಂಧ್ರದಿಂದ ಬರುವದು. ಬೇರಿನ ಮೂಲಕ ಗಿಡವನ್ನು ಹೊಕ್ಕು ನೀರು ಏರುವ ದಾರಿಯನ್ನು ಮುಚ್ಚುವದು. ಆದಕಾರಣ ಬೆಳೆಯನ್ನು ಬದಲಿಸುವದೂ, ರೋಗವನ್ನು ತಡೆಯುವ ತಳಿಯನ್ನು ಆರಿಸುವದೂ, ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿ ಬಿತ್ತುವದೂ ನಂಬಿಕೆಗೆ ವಿರೋಧವಲ್ಲ. ತಾಳ್ಮೆಯೆಂದರೆ ಕೈಕಟ್ಟಿ ಕೂಡ್ರುವದಲ್ಲ. ಮನಸ್ಸು ಕಹಿಯಾಗದೆ ಮತ್ತೆ ಬಿತ್ತುವದು.

ಗೆತ್ಸೆಮನೆ ತೋಟವನ್ನು ನೆನಸಿರಿ. ನಮ್ಮ ಕರ್ತನು ಅಲ್ಲಿ ಮೂರು ಸಾರಿ ಪ್ರಾರ್ಥಿಸಿದನು. ಪಾತ್ರೆಯು ಆತನಿಂದ ತೊಲಗಲಿಲ್ಲ. ಆದರೂ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿ ಎದ್ದು ನಡೆದನು. ಪ್ರಾರ್ಥನೆಯು ಅಂಗಡಿಯಲ್ಲಿ ಎಣಿಸಿಕೊಡುವ ಹಣವಲ್ಲ. ಮಗನು ತಂದೆಯ ಮಡಿಲಲ್ಲಿ ಮುಖವಿಟ್ಟು ಅಳುವದು. ಕೇಳಿದ್ದು ಸಿಕ್ಕದಿದ್ದರೂ ತಂದೆಯು ಸಿಕ್ಕಿರುವನು.

ಹಾಗಾದರೆ ನಮ್ಮ ನಿರೀಕ್ಷೆಯನ್ನು ಎಲ್ಲಿ ಇಡೋಣ? ಮಳಖೇಡದವರೇ, ನಿಮ್ಮ ಊರು ಒಂದು ಕಾಲದಲ್ಲಿ ಮಾನ್ಯಖೇಟವೆಂಬ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ನೃಪತುಂಗನು ಇಲ್ಲಿಂದ ಆಳಿದನು. 972ರಲ್ಲಿ ಪರಮಾರ ಸೀಯಕನ ದಂಡು ಬಂದು ಅದನ್ನು ಕೊಳ್ಳೆ ಹೊಡೆಯಿತು. ಗೋಡೆಯ ಮೇಲಿಟ್ಟ ನಿರೀಕ್ಷೆಯು ಗೋಡೆಯೊಂದಿಗೆ ಬೀಳುವದು. ಬೆಳೆಯ ಮೇಲಿಟ್ಟದ್ದು ಬೆಳೆಯೊಂದಿಗೆ ಒಣಗುವದು. ಅಂಜೂರವೂ ದ್ರಾಕ್ಷಿಯೂ ಇಲ್ಲದೆ ಹಟ್ಟಿಯು ಬರಿದಾದರೂ ದೇವರಲ್ಲಿ ಹರ್ಷಿಸುವೆನೆಂದು ಹಬಕ್ಕೂಕನು ನಿರ್ಧರಿಸಿದ್ದು ಇದನ್ನು ತಿಳಿದೇ. ಸಮಾಧಿಯಿಂದ ಎದ್ದು ಬಂದ ಕರ್ತನ ಮೇಲೆ ಇಟ್ಟ ನಿರೀಕ್ಷೆಯೊಂದೇ ನಿಲ್ಲುವದು. ಮಳೆ ನಿಂತ ಮೇಲೆಯೂ ತೊಗರಿಯು ಕರೀ ಮಣ್ಣು ಹಿಡಿದಿಟ್ಟ ತೇವದಿಂದ ಕಾಯಿಕಟ್ಟುವಂತೆ, ಒಣ ದಿನಗಳಲ್ಲಿ ಈ ನಿರೀಕ್ಷೆಯಿಂದಲೇ ನಾವು ಬಲಿಯುತ್ತೇವೆ.

ಆದದರಿಂದ ಪ್ರಿಯರೇ, ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಕೂಡಿ ಪ್ರಾರ್ಥಿಸುವದನ್ನು ಬಿಡಬೇಡಿರಿ. ಈ ವರುಷ ಯಾರ ರಾಶಿಯು ಬರಲಿಲ್ಲವೋ ಅವರ ಮನೆಗೆ ಈ ವಾರವೇ ಹೋಗಿರಿ. ಬರೀ ಬುದ್ಧಿಮಾತನ್ನು ಒಯ್ಯದೆ ಒಂದಿಷ್ಟು ಜೋಳವನ್ನೂ ಒಯ್ಯಿರಿ. ಕಾಯುವವನು ಒಂಟಿಯಾಗಿ ಕಾಯದ ಹಾಗೆ ನೋಡಿಕೊಳ್ಳುವದೇ ಸಭೆಯ ಕೆಲಸ. ನಿರೀಕ್ಷೆಯ ದೇವರು ನಮ್ಮೆಲ್ಲರ ಬೇರುಗಳನ್ನು ತನ್ನಲ್ಲಿ ಆಳವಾಗಿ ಇಳಿಸಲಿ. ಆಮೆನ್.