ನಾದವೂ ವೈರವೂ

ವಾದ್ಯವೃಂದದ ನಾದಕ್ಕೆ ಕರಗಿದ ಮನಸ್ಸು ನ್ಯಾಯಾನ್ಯಾಯಗಳನ್ನು ಮರೆಯುವುದೆ?

1950ನೆಯ ಇಸವಿ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರವರ ಧನಸಹಾಯದಿಂದ, ಜರ್ಮನಿಯ ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಗೀತೆಗಳು ವಾದ್ಯವೃಂದದೊಡನೆ ಮೊದಲ ಸಲ ಕೇಳಿಬಂದುವು. ಜರ್ಮನ್ ವಿಮಾನಗಳು ಆ ನಗರವನ್ನು ಸುಟ್ಟು ಹತ್ತು ವರ್ಷವೂ ತುಂಬಿರಲಿಲ್ಲ. ಅದೇ ಶತ್ರುಭಾಷೆಯಲ್ಲಿ, ಮರಣವನ್ನು ಶಾಂತಿಯಿಂದ ಎದುರ್ಗೊಳ್ಳುವ ಹಾಡು! ಅದಕ್ಕೆ ಕಣ್ಣು ತೇವಗೊಂಡರೆ ಸತ್ತವರಿಗೆ ದ್ರೋಹವೆ?

ಅಲ್ಲವೆಂದೇ ನಮಗೆ ತೋರುತ್ತದೆ. ವೃಂದದಲ್ಲಿ ಪಿಟೀಲು, ಕೊಳಲು, ಕಹಳೆಗಳು ಬೇರೆ ಬೇರೆ ಸ್ವರಗಳನ್ನು ಏಕಕಾಲದಲ್ಲಿ ನುಡಿದರೂ ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಅಂತೆಯೇ ಸಹೃದಯನ ಎದೆಯಲ್ಲಿ ನೊಂದವರ ನೆನಪೂ ನಾದದ ಮರುಕವೂ ಜೊತೆಯಲ್ಲಿಯೇ ನಿಲ್ಲಬಲ್ಲುವು. ಆ ಕಣ್ಣೀರು ಅಪರಾಧವನ್ನು ತೊಳೆಯದು. ಒಂದು ಜನಾಂಗವನ್ನೆಲ್ಲ ಅಪರಾಧಿಯೆಂದೆಣಿಸುವ ನಮ್ಮ ಕುರುಡುತನವನ್ನು ತೊಳೆದೀತು.